ಆರು ಮನೆಯ ಚಿತ್ರ

ಕಮಲಾಪುರ
೧೧ ಜೂನ್ ೧೯೧೨

ಹಲೀಮಾ,

ನಿನ್ನ ಮಾಂತ್ರಿಕನ ಕಥೆಯ ಒಂಬತ್ತು ಹಾಳೆ ನಿನ್ನೆ ಕೈಸೇರಿದವು. ಟಪಾಲಿನ ಪೀರಪ್ಪ ಲಕೋಟೆಯನ್ನು ಅಂಗೈಯಲ್ಲಿ ತೂಗಿ ನೋಡಿ, "ಏನ್ರೀ ಬಾಯಾರ, ಕಲಬುರಗಿಯಿಂದ ಕಾಗದ ಬಂದದೋ, ತೊಗರಿ ಚೀಲ ಬಂದದೋ?" ಅಂದ. ಅತ್ತೆ ಶಂಕ್ರಮ್ಮ ರೊಟ್ಟಿ ಬಡಿಯುತ್ತಿದ್ದರು. ನಾನು ಒಲೆಯ ಪಕ್ಕ ಕೂತು ಗಟ್ಟಿಯಾಗಿ ಓದಿದೆ. ಆರನೆಯ ಹಾಳೆಗೆ ಬರುವಷ್ಟರಲ್ಲಿ ಎರಡು ರೊಟ್ಟಿ ಸೀದು ಕರಕಾಗಿದ್ದವು. ಹಾಗಂತ ಕಥೆ ಚೆನ್ನಾಗಿದೆ ಎಂದು ನಾನು ಒಪ್ಪುವುದಿಲ್ಲ.

ಉರ್ದು ಬಾರದ ನನಗೋಸ್ಕರ ಅಷ್ಟು ದಪ್ಪ ಪುಸ್ತಕವನ್ನು ಕನ್ನಡ ಮಾಡಿ ಬರೆದಿದ್ದೀಯ; ನಿನ್ನ ಬೆರಳಿಗೆ ಬೆಣ್ಣೆ ಹಚ್ಚಬೇಕು. ಆದರೆ ‘ನಿನಗೇನನ್ನಿಸಿತು ಹೇಳು’ ಎಂದು ಕೇಳಿ ನೀನೇ ಮೈಮೇಲೆ ಎಳೆದುಕೊಂಡೆ. ಏಳು ಕೋಟೆ ಕಟ್ಟಿದ ಮಾಂತ್ರಿಕ, ಗಾಳಿಯನ್ನೇ ಬೀಸಣಿಗೆಯಂತೆ ಮಡಚಿಡುವವನು, ತನ್ನ ಜೀವವನ್ನು ಹೋಗಿ ಹೋಗಿ ಒಂದು ಗಿಳಿಯೊಳಗೆ ಇಡುತ್ತಾನಲ್ಲ, ಅವನಿಗೆ ಬುದ್ಧಿ ಇದೆಯೇ? ಗಿಳಿಗೆ ಬೆಕ್ಕಿನ ಭಯ, ಹದ್ದಿನ ಭಯ, ಚಳಿಯ ಭಯ. ಅತ್ತೆ ಕೂಡ, "ಮಂತ್ರ ಕಲ್ತಾಂವಗ ಸಂಸಾರ ಗೊತ್ತಿರೂದಿಲ್ಲ ಬಿಡು" ಅಂದರು. ಇನ್ನು ನಿನ್ನ ರಾಜಕುಮಾರ. ಮೂರು ಸಲ ಮೂರ್ಛೆ ಹೋಗುತ್ತಾನೆ, ಮೂರೂ ಸಲ ಚೆಲುವೆಯರ ಮನೆಯ ಮುಂದೆಯೇ. ಮುಳ್ಳಿನ ಹೊಲದಲ್ಲಿ ಒಂದು ಸಲವಾದರೂ ಬೀಳಬಾರದಿತ್ತೇ? ಮಾತಾಡುವ ಬಾವಿ ಮಾತ್ರ ನನಗೆ ಬಹಳ ಹಿಡಿಸಿತು. ಕೇಳಿದ್ದಕ್ಕೆ ಉತ್ತರ ಕೊಡದೆ, ತನಗೆ ಬೇಕಾದ್ದನ್ನಷ್ಟೇ ಹೇಳುವ ಆ ಬಾವಿ ಥೇಟ್ ನಿನ್ನ ಹಾಗೆ.

ಇದು ಚೇಷ್ಟೆಯ ಮಾತಲ್ಲ. ಎರಡು ವರ್ಷದ ಹಿಂದೆ ನೀನು ಮದುವೆಯಾಗಿ ಹೊರಡುವ ದಿನ, ನಮ್ಮಪ್ಪ ಶಾಲೆ ನಡೆಸುತ್ತಿದ್ದ ಪಡಸಾಲೆಯಲ್ಲಿ ಕೂತು ನಾವಿಬ್ಬರೂ ಆಣೆ ಮಾಡಿದ್ದೆವು. ಒಂದೇ ಪಾಟಿಯ ಮೇಲೆ ಅಕ್ಷರ ತೀಡಿದವರು, ಒಬ್ಬರಿಂದ ಒಬ್ಬರು ಏನೂ ಮುಚ್ಚಿಡಬಾರದು ಎಂದು. ಈಗ ನಿನ್ನ ಕಾಗದದಲ್ಲಿ ಮಾಂತ್ರಿಕ ಇದ್ದಾನೆ, ಗಿಳಿ ಇದೆ, ಹಲೀಮಾ ಇಲ್ಲ. ನೀನು ಏನನ್ನೋ ಬಚ್ಚಿಡುತ್ತಿದ್ದೀಯ. ಹೇಳುವವರೆಗೆ ಕೇಳುತ್ತಲೇ ಇರುತ್ತೇನೆ, ನನ್ನ ಹಟ ನಿನಗೆ ಗೊತ್ತಲ್ಲ.

ನಿನ್ನ ಜಯದೇವಿ

*

ಕಲಬುರಗಿ
೨ ಜುಲೈ ೧೯೧೨

ಜಯಾ,

ನಿನ್ನ ಕಾಗದ ಓದಿ ಒಬ್ಬಳೇ ನಕ್ಕೆ. ಒಳಗಿನಿಂದ ಅತ್ತೆ ಜೈನಾಬಿ, "ಏನವಾ, ಗ್ವಾಡಿ ಕೂಡ ಮಾತಾಡಾಕತ್ತಿ ಏನು?" ಅಂದರು. ಮೂರ್ಛೆಯ ಲೆಕ್ಕ ನಾನು ಇಟ್ಟೇ ಇರಲಿಲ್ಲ. ಇವರಿಗೆ ಹೇಳಿದೆ, ಆ ಪುಸ್ತಕವನ್ನು ಛಾಪಿಸಲು ಅಕ್ಷರ ಅಕ್ಷರ ಬರೆದುಕೊಟ್ಟವರು ಇವರೇ ಆದರೂ ಇವರೂ ಗಮನಿಸಿರಲಿಲ್ಲವಂತೆ. "ನಿನ್ನ ಗೆಳತಿ ಮುಂದ ಯಾವ ಮಾಂತ್ರಿಕನೂ ಉಳಿಯಾಂಗಿಲ್ಲ" ಅಂದರು.

ಇವರು ಈಗ ಛಾಪಖಾನೆಯ ಕೆಲಸವನ್ನು ಮನೆಗೇ ತರುತ್ತಾರೆ. ಹಳದಿ ಕಾಗದದ ಮೇಲೆ ಎಣ್ಣೆಮಸಿಯಿಂದ ಬರೆಯುವುದು. ಅದನ್ನು ಅಲ್ಲಿ ಕಲ್ಲಿನ ಮೇಲೆ ಒತ್ತಿ, ಕಲ್ಲಿನಿಂದ ನೂರಾರು ಪ್ರತಿ ತೆಗೆಯುವುದು. ಸಂಜೆ ಮಸಿ ಉಳಿದರೆ ನನಗೆ ಕೊಡುತ್ತಾರೆ. ನಾನು ಹೂವು ಬಳ್ಳಿ ಗೀಚುತ್ತಾ ಕೂರುತ್ತೇನೆ. ನೀರು ತರುವುದು, ಮಾಳಿಗೆ ಹತ್ತುವುದು ಎಲ್ಲ ಅತ್ತೆ ಬಿಡಿಸಿದ್ದಾರೆ. ಹಾಗಾಗಿ ಓದಲು ಬೇಕಾದಷ್ಟು ಹೊತ್ತು.

ಈ ಸಲ ಹೊಸ ತರಹದ ಕಥೆ. ಇದರಲ್ಲಿ ಮಂತ್ರವಿಲ್ಲ, ಎಲ್ಲವೂ ಶಾಸ್ತ್ರವಂತೆ. ಒಬ್ಬ ಹಕೀಮ ಮತ್ತು ಒಬ್ಬ ಗಡಿಯಾರ ಕಟ್ಟುವ ಉಸ್ತಾದ ಸೇರಿ ಹಿತ್ತಾಳೆಯ ದೊಡ್ಡ ಹಂಡೆಯಂಥ ವಿಮಾನ ಮಾಡುತ್ತಾರೆ. ಸೂಜಿಗಲ್ಲಿನ ಬಲದಿಂದ ಅದು ಚಂದ್ರನಿಗೆ ಹೋಗುತ್ತದೆ. ಹದಿನೆಂಟು ದಿನದ ದಾರಿ. ಹೋಗಿ ನೋಡಿದರೆ ಅಲ್ಲಿ ಬರೀ ಕಲ್ಲು, ನೀರಿಲ್ಲ, ಯಾರೂ ಇಲ್ಲ. ಒಂದು ಚೀಲ ಕಲ್ಲು ತುಂಬಿಕೊಂಡು ತಿರುಗಿ ಬರುತ್ತಾರೆ. ಪೂರ್ತಿ ಕಥೆ ಇದರ ಜೊತೆಗಿನ ಹಾಳೆಗಳಲ್ಲಿದೆ. ನನಗೆ ಓದಿ ಯಾಕೋ ಹೆದರಿಕೆಯಾಯಿತು.

ನೀನು ಕೇಳಿದ್ದಕ್ಕೆ ಉತ್ತರ: ನಾನು ಆರಾಮಿದ್ದೇನೆ. ಬಚ್ಚಿಡಲು ನನ್ನ ಹತ್ತಿರ ಏನಿದೆ? ಆದರೆ ಗಿಳಿಯ ವಿಷಯ ನೀನು ಹೇಳಿದ್ದು ಮನಸ್ಸಿನಲ್ಲಿ ಉಳಿದಿದೆ. ಜೀವವನ್ನು ಎಲ್ಲಾದರೂ ಬಚ್ಚಿಡುವ ವಿದ್ಯೆ ನಿಜವಾಗಿಯೂ ಇದ್ದಿದ್ದರೆ ನೀನು ಎಲ್ಲಿಡುತ್ತಿದ್ದೆ? ನಿನ್ನದಲ್ಲ. ತೀರ ಸಣ್ಣದೊಂದು ಜೀವ ಎಂದಿಟ್ಟುಕೋ.

ನಿಮ್ಮ ಹಿತ್ತಲ ಹುಣಸೆಹಣ್ಣಿಗೆ ಉಪ್ಪು ಜೀರಿಗೆ ಹಾಕಿ ಕುಟ್ಟಿದ ಚಿಗಳಿ ಒಂದಿಷ್ಟು ಕಳಿಸು. ಇಲ್ಲಿಯ ಹುಣಸೆ ಹುಳಿಯೇ ಅಲ್ಲ.

ಹಲೀಮಾ

*

ಕಮಲಾಪುರ
೨೫ ಜುಲೈ ೧೯೧೨

ಹಲೀಮಾ,

ಚಿಗಳಿ ಇದರ ಜೊತೆಗೇ ಬರುತ್ತಿದೆ, ಬಾಳೆಎಲೆಯಲ್ಲಿ ಕಟ್ಟಿದ್ದೇನೆ. ಇಡೀ ಕಲಬುರಗಿಯಲ್ಲಿ ಹುಳಿಯಾದ ಹುಣಸೆ ಇಲ್ಲವೆಂದರೆ ಯಾರಾದರೂ ನಂಬುತ್ತಾರೆಯೇ? ಅತ್ತೆಗೆ ಹೇಳಿದೆ. "ಹುಣಸಿ ಕೇಳ್ಯಾಳಂದ್ರ..." ಎಂದು ಶುರುಮಾಡಿ, ನನ್ನ ಮುಖ ನೋಡಿ, "ಕುಟ್ಟು, ಕುಟ್ಟು, ಉಪ್ಪ ಸ್ವಲ್ಪ ಜಾಸ್ತಿ ಹಾಕು" ಎಂದು ಎದ್ದು ಹೋದರು. ಈ ಮನೆಯಲ್ಲಿ ಎಲ್ಲರ ಮಾತೂ ಅರ್ಧಕ್ಕೇ ಮುರಿಯುತ್ತದೆ.

ನಿನ್ನ ಹಂಡೆಯ ಕಥೆಯ ಮೇಲೆ ನನಗೆ ಸಿಟ್ಟು ಬಂದಿದೆ. ಹದಿನೆಂಟು ದಿನ ಹೋಗಿ ಬರೀ ಕಲ್ಲು ನೋಡಿ ಬಂದರೇ? ಕಲ್ಲು ನೋಡಲು ಶಹಾಬಾದಿಗೆ ಹೋದರೆ ಸಾಕಿತ್ತು, ರೈಲಿನಲ್ಲೇ ಹೋಗಬಹುದಿತ್ತು. ಹದಿನೆಂಟು ದಿನಕ್ಕೆ ಬುತ್ತಿ ಏನು ಕಟ್ಟಿದರು ಎಂದೂ ಬರೆದಿಲ್ಲ. ಖಡಕ್ ರೊಟ್ಟಿ ಕಟ್ಟಿದ್ದರೆ ಚಂದ್ರನಲ್ಲ, ಸೂರ್ಯನವರೆಗೂ ಹಳಸದೆ ಬರುತ್ತಿತ್ತು. ಇನ್ನು ಆ ಹಕೀಮನ ಹೆಂಡತಿ. ಮೊದಲನೆಯ ಹಾಳೆಯಲ್ಲಿ ಬಾಗಿಲಲ್ಲಿ ನಿಂತು ಗಂಡನನ್ನು ಕಳಿಸಿಕೊಟ್ಟವಳನ್ನು ಬರೆದವನು ಕೊನೆಯವರೆಗೂ ಅಲ್ಲೇ ನಿಲ್ಲಿಸಿ ಮರೆತಿದ್ದಾನೆ. ನಾನಾಗಿದ್ದರೆ ಹಂಡೆಯ ಕಥೆ ಬಿಟ್ಟು ಆ ಬಾಗಿಲ ಕಥೆ ಬರೆಯುತ್ತಿದ್ದೆ.

ನನ್ನ ಮಾತು ಕೇಳು. ಮಾಂತ್ರಿಕನ ಕಥೆಯಾಗಲಿ ಶಾಸ್ತ್ರದ ಕಥೆಯಾಗಲಿ, ಅದರೊಳಗೆ ಹೋದದ್ದು ತಿರುಗಿ ಬರಬೇಕು. ಕಲ್ಲಾದವನು ಮನುಷ್ಯನಾಗಬೇಕು, ಕಳೆದ ಉಂಗುರ ಮೀನಿನ ಹೊಟ್ಟೆಯಲ್ಲಾದರೂ ಸಿಗಬೇಕು. ಬಾರದೆ ಹೋಗುವುದಕ್ಕೆ ನಮ್ಮ ದಿನದ ಬಾಳು ಸಾಲದೇ? ಚಂದ್ರನ ಮೇಲೆ ಲೋಕದಲ್ಲಿ ಕಳೆದುಹೋದದ್ದೆಲ್ಲ ಸಿಕ್ಕಿತು ಎಂದು ಬರೆದಿದ್ದರೆ ಆ ಪುಸ್ತಕವನ್ನು ನಾನು ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದೆ.

ಸಣ್ಣ ಜೀವ ಎಲ್ಲಿ ಬಚ್ಚಿಡಬೇಕೆಂದು ಕೇಳಿದ್ದೀಯ. ನಮ್ಮ ಅತ್ತೆಯ ಕೀಲಿಕೈ ಗೊಂಚಲಿನಲ್ಲಿ. ಯಮಧರ್ಮ ಬಂದರೂ ಆ ಗೊಂಚಲು ಸೊಂಟದಿಂದ ಬಿಚ್ಚಿಸಲಾರ.

ಈಗ ನಾನೊಂದು ಹೇಳುತ್ತೇನೆ, ಮುಚ್ಚಿಡದೆ. ಮದುವೆಯಾಗಿ ಆರು ವರ್ಷ ತುಂಬಿತು. ಬೀದಿಯಲ್ಲಿ ಬಸುರಿಯರು ನನ್ನನ್ನು ಕಂಡರೆ ಸೆರಗು ಮುಂದೆ ಎಳೆದುಕೊಳ್ಳುತ್ತಾರೆ, ನನ್ನ ಕಣ್ಣು ತಾಗುತ್ತದೆಂದು. ಮೊದಲು ನಗು ಬರುತ್ತಿತ್ತು. ಈಗ ಕೆಲವು ದಿನ ಬರುವುದಿಲ್ಲ. ನೋಡು, ಹೇಳಿಬಿಟ್ಟೆ. ಇನ್ನು ನಿನ್ನ ಸರದಿ.

ಜಯದೇವಿ

*

ಕಮಲಾಪುರ
೩ ನವೆಂಬರ್ ೧೯೧೨

ಹಲೀಮಾ,

ಚಿಗಳಿ ಮುಟ್ಟಿತೋ ಇಲ್ಲವೋ ಅದನ್ನಾದರೂ ಬರೆ. ಮೂರು ತಿಂಗಳಾಯಿತು. ಪೀರಪ್ಪ ನಮ್ಮ ಮನೆಯ ಮುಂದೆ ಬಂದಾಗ ದೂರದಿಂದಲೇ ಕೈ ಆಡಿಸಿ ಇಲ್ಲವೆನ್ನುತ್ತಾನೆ. ಹಂಡೆಯ ಕಥೆ ಬೈದೆನೆಂದು ಸಿಟ್ಟೇ? ಬೇಕಾದರೆ ಹೊಗಳುತ್ತೇನೆ. ಹಂಡೆ ಬಹಳ ಚೆನ್ನಾಗಿತ್ತು.

ಜಯದೇವಿ

*

ಕಲಬುರಗಿ
೧೯ ಜನವರಿ ೧೯೧೩

ಜಯಾ,

ಇಷ್ಟು ದಿನ ಬರೆಯಲಾಗಲಿಲ್ಲ. ಮನೆಯಲ್ಲಿ ಕೆಲಸ ಇತ್ತು. ಆಮೇಲೆ ಇರಲಿಲ್ಲ.

ಇದರ ಜೊತೆ ಒಂದು ಚಿತ್ರದ ಹಾಳೆ ಇಟ್ಟಿದ್ದೇನೆ. ಛಾಪಖಾನೆಗೆ ಬಂದದ್ದು. ಸಾಲಾಗಿ ಆರು ಮನೆ ಇವೆ, ನಾವು ಚೌಕಾಬಾರಕ್ಕೆ ನೆಲದ ಮೇಲೆ ಕೊರೆಯುತ್ತಿದ್ದೆವಲ್ಲ, ಹಾಗೆ. ಒಂದು ಅಕ್ಷರವೂ ಇಲ್ಲ, ಆದ್ದರಿಂದ ಕನ್ನಡ ಮಾಡುವ ಕೆಲಸ ನನಗಿಲ್ಲ. ಮನೆಯಿಂದ ಮನೆಗೆ ಹೋದರೆ ಕಥೆ ತಿಳಿಯುತ್ತದೆ. ಬಾಯಿಂದ ಬಾರದ್ದನ್ನು ಯಾರೋ ಕೈಯಿಂದ ಹೇಳಿದ್ದಾರೆ ಅನ್ನಿಸಿತು.

ನೀನು ಓದು. ಓದಿ, ಏನನ್ನಿಸಿತು ಬರೆ. ಬೇಗ ಬರೆ.

ಹಲೀಮಾ

*

ಕಮಲಾಪುರ
೬ ಫೆಬ್ರವರಿ ೧೯೧೩

ಹಲೀಮಾ, ಕಳ್ಳಿ, ನನ್ನ ಬಂಗಾರವೇ,

‘ಛಾಪಖಾನೆಗೆ ಬಂದದ್ದು’ ಅಂತೆ! ಕಿಟಕಿಯಲ್ಲಿ ಕೂತ ಗಿಳಿಯ ಕಣ್ಣು ನೋಡಿದ ಕೂಡಲೇ ಹಿಡಿದುಬಿಟ್ಟೆ. ಪಾಟಿಯ ಮೇಲೆ ನೀನು ಬರೆಯುತ್ತಿದ್ದ ಗಿಳಿಗೆಲ್ಲ ಗೋಲಿಯಷ್ಟು ದೊಡ್ಡ ಕಣ್ಣು. "ಇದು ಗಿಳಿಯೋ ಗೂಗಿಯೋ ಹಲೀಮಾ?" ಎಂದು ನಮ್ಮಪ್ಪ ಕೇಳುತ್ತಿದ್ದರು. ಈ ಚಿತ್ರ ಬರೆದ ಕೈ ನಿನ್ನದೇ. ಹೂವು ಗೀಚುತ್ತೇನೆ ಎಂದು ಹೇಳಿ ಇಷ್ಟು ದೊಡ್ಡ ಕೆಲಸ ಮಾಡಿದ್ದೀಯಲ್ಲ!

ಅಭಿಪ್ರಾಯ ಬೇಗ ಬೇಕು ಅಂದೆ, ಇಗೋ. ನೀನು ಇಲ್ಲಿಯವರೆಗೆ ಕಳಿಸಿದ ಕಥೆಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ಮೊದಲನೆಯ ಮನೆಯಲ್ಲಿ ಬರಿದಾದ ಅಂಗಳ. ತೊಲೆಗೆ ಸುತ್ತಿ ಕಟ್ಟಿದ ತೊಟ್ಟಿಲ ಹಗ್ಗ. ಚಂದ್ರನನ್ನು ನೋಡುತ್ತ ಕೂತ ಹೆಂಗಸು. ಎರಡನೆಯದರಲ್ಲಿ ಅವಳು ಖಾಲಿ ತೊಟ್ಟಿಲ ಪಕ್ಕ ಮೊಣಕಾಲಿಗೆ ಮುಖವಿಟ್ಟು ಅಳುತ್ತಾಳೆ. ಈ ಎರಡು ಮನೆಯಲ್ಲಿ ನಾನೇ ಕೂತ ಹಾಗಿತ್ತು, ಹಲೀಮಾ. ಕಣ್ಣಲ್ಲಿ ನೀರು ಬಂತು. ಮೂರನೆಯದರಲ್ಲಿ ಹೊಸ್ತಿಲ ಮೇಲೆ ಗಂಡಸು, ತೋಳಿನಲ್ಲಿ ಬಿಳಿಬಟ್ಟೆಯಲ್ಲಿ ಸುತ್ತಿದ ಗಂಟು. ಎಲ್ಲಿಂದ ತಂದ? ಚಂದ್ರನಿಂದಲೇ ತಂದಿರಬೇಕು, ಕಳೆದುಹೋದದ್ದೆಲ್ಲ ಅಲ್ಲಿ ಸಿಗಬೇಕೆಂದು ನಾನು ಬರೆದಿದ್ದೆನಲ್ಲ! ನಾಲ್ಕರಲ್ಲಿ ಮುದುಕಿ ತೊಟ್ಟಿಲಿಗೆ ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಾಳೆ. ಐದರಲ್ಲಿ ತಾಯಿ ತೂಗುತ್ತಾಳೆ, ಗಿಳಿ ನೋಡುತ್ತದೆ. ಆರರಲ್ಲಿ ಎದೆಗೊತ್ತಿಕೊಂಡ ಕೂಸು, ತಾಯಿಯ ಮುಖದ ತುಂಬ ನಗು. ಹೀಗೆ ಮುಗಿಯಬೇಕು ಕಥೆ. ಮಾಂತ್ರಿಕ, ಹಕೀಮ, ಉಸ್ತಾದ ಎಲ್ಲರೂ ಬಂದು ನಿನ್ನ ಹತ್ತಿರ ಕಲಿಯಲಿ.

ತಪ್ಪು ಹಿಡಿಯದಿದ್ದರೆ ನಾನು ಜಯದೇವಿಯೇ ಅಲ್ಲ. ಆ ಗಂಡಸು ಚಪ್ಪಲಿ ಮೆಟ್ಟಿಕೊಂಡೇ ಕೂಸನ್ನು ಒಳಗೆ ತರುತ್ತಿದ್ದಾನೆ. ಸಂತೋಷದ ಭರದಲ್ಲಿ ಬಿಡಲು ಮರೆತನೇ, ಅಥವಾ ನೀನು ಮರೆತೆಯೇ?

ಈಗ ಎಲ್ಲ ತಿಳಿಯಿತು. ಹುಣಸೆ ಕೇಳಿದಾಗಲೇ ತಿಳಿಯಬೇಕಿತ್ತು, ದಡ್ಡಿ ನಾನು. ಆರು ತಿಂಗಳು ಕಾಗದ ಬರಲಿಲ್ಲ, ಬಾಣಂತಿಗೆ ಪುರುಸೊತ್ತೆಲ್ಲಿ! ‘ಕೆಲಸ ಇತ್ತು, ಆಮೇಲೆ ಇರಲಿಲ್ಲ’ ಅಂದರೆ ಜೈನಾಬಿ ಅತ್ತೆ ನಿನಗೆ ಕಡ್ಡಿ ಎತ್ತಲೂ ಬಿಡುತ್ತಿಲ್ಲ ಅಂತ ತಾನೆ? ಒಳ್ಳೆಯ ಸುದ್ದಿಯನ್ನು ಆರು ಮನೆಯ ಚಿತ್ರ ಬರೆದು ಹೇಳುವವಳು ಈ ರಾಜ್ಯದಲ್ಲಿ ನೀನೊಬ್ಬಳೇ.

ಕೂಸಿಗೆ ಕೌದಿ ಕಳಿಸುತ್ತಿದ್ದೇನೆ. ಅತ್ತೆ ತಮ್ಮ ಹಳೆಯ ಇಳಕಲ್ ಸೀರೆ ತಾವೇ ಕೊಟ್ಟರು, ನಾನು ಹನ್ನೊಂದು ದಿನ ಹೊಲಿದೆ, ಅದಕ್ಕೇ ಕಾಗದ ತಡ. ಮೂಲೆಗೊಂದು ಗಿಳಿ ಇಟ್ಟಿದ್ದೇನೆ, ದೊಡ್ಡ ಕಣ್ಣಿನವು. ನನಗೆ ಎಷ್ಟು ಸಂತೋಷವಾಗಿದೆ ಎಂದು ಹೇಳಲು ಬರುತ್ತಿಲ್ಲ. ನಿನ್ನ ಚಿತ್ರವನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದ್ದೇನೆ. ಬಂದವರಿಗೆಲ್ಲ ಕಥೆ ಹೇಳುತ್ತೇನೆ.

ಗಂಡೋ ಹೆಣ್ಣೋ?

ನಿನ್ನ ಜಯದೇವಿ

*

ಕಮಲಾಪುರ
೨೦ ಮಾರ್ಚ್ ೧೯೧೩

ಹಲೀಮಾ,

ಕೌದಿ ಮುಟ್ಟಿತೇ? ಪೀರಪ್ಪನಿಗೆ ದಿನವೂ ಕೇಳಿ ಕೇಳಿ ಅವನು ಈಗ ನಮ್ಮ ಓಣಿ ಬಿಟ್ಟು ಆಚೆಯಿಂದ ಹೋಗುತ್ತಾನೆ. ಕೂಸು ಹಟ ಮಾಡುತ್ತದೆಯೇ? ನಿನಗೆ ಜ್ವರವೇ? ಚಪ್ಪಲಿಯ ಮಾತು ತಮಾಷೆಗೆ ಬರೆದದ್ದು. ಚಿತ್ರದಲ್ಲಿ ಒಂದು ಕುಂದೂ ಇಲ್ಲ, ಆಣೆಯಾಗಿ.

ಎರಡು ಸಾಲು ಸಾಕು.

ಜಯದೇವಿ

*

ಕಮಲಾಪುರ
೧೪ ಏಪ್ರಿಲ್ ೧೯೧೩

ಹಲೀಮಾ,

ನಿನ್ನೆ ಮುನೀರಾ ಬಂದಿದ್ದಳು, ನಿನಗೆ ಗೊತ್ತಲ್ಲ, ಇಲ್ಲಿ ನಿಮ್ಮ ಹಳೆಯ ಓಣಿಯ ಹೆಂಗಸರಿಗೆ ಕುರಾನ ಓದಿಸುವವಳು. ಬೇಳೆ ಒಯ್ಯಲು ಬಂದವಳನ್ನು ಅಡುಗೆಮನೆಗೆ ಕರೆದು, ನಮ್ಮ ಹಲೀಮಾ ಬರೆದ ಚಿತ್ರ ನೋಡು ಎಂದು ಹೆಮ್ಮೆಯಿಂದ ತೋರಿಸಿದೆ. ಅವಳು ಗೋಡೆಯ ಹತ್ತಿರ ಹೋಗಿ ಬೆರಳಿಟ್ಟಳು. ನಾನು ನೋಡುತ್ತಾ ನಿಂತೆ. ಬೆರಳು ಬಲಗಡೆಯ ಕೊನೆಯ ಮನೆಯ ಮೇಲಿತ್ತು. ಅಲ್ಲಿಂದ ಒಂದೊಂದೇ ಮನೆ ದಾಟುತ್ತ ಎಡಕ್ಕೆ ಬಂತು. ಹೊಸ್ತಿಲ ಮನೆಯ ಮೇಲೆ ನಿಂತುಬಿಟ್ಟಿತು.

"ಯವ್ವಾ, ಇಂಥಾದ್ದು ಅಡಗಿಮನ್ಯಾಗ ಯಾಕ ಹಚ್ಚೀರಿ?" ಅಂದಳು.

"ಯಾಕ? ಕೂಸಿನ್ನ ತರಾಕತ್ತಾನಲ್ಲ" ಅಂದೆ.

"ತರಾಕತ್ತಿಲ್ರೀ. ಒಯ್ಯಾಕತ್ತಾನ. ಚಪ್ಪಲಿ ಮೆಟ್ಟ್ಯಾನ, ನೋಡ್ರಿ."

ನಾನು ಗೋಡೆಯ ಹತ್ತಿರ ಹೋಗಿ, ಅವಳ ಬೆರಳಿನ ಹಾಗೇ ಬಲದಿಂದ ಓದಿದೆ.

ನಿಮ್ಮ ಉರ್ದು ಅಕ್ಷರ ಬಲದಿಂದ ಎಡಕ್ಕೆ ಓಡುತ್ತದೆಂದು ನನಗೆ ಚಿಕ್ಕಂದಿನಿಂದ ಗೊತ್ತು. ಚಿತ್ರಕ್ಕೂ ದಿಕ್ಕು ಇರುತ್ತದೆಂದು ಗೊತ್ತಿರಲಿಲ್ಲ. ನಿನ್ನ ಗಂಡ ಬರೆಯುವ ಪುಸ್ತಕಗಳನ್ನು ದಿನವೂ ನೋಡುವ ನಿನ್ನ ಕೈ ಬಲದಿಂದ ಶುರುಮಾಡಿದೆ, ನಮ್ಮಪ್ಪನ ಪಾಟಿಯ ಮೇಲೆ ಪಳಗಿದ ನನ್ನ ಕಣ್ಣು ಎಡದಿಂದ. ನೀನು ಅಳುತ್ತ ಹೇಳಿದ್ದನ್ನು ನಾನು ನಗುತ್ತ ಕೇಳಿದೆ. ಅದಕ್ಕೆ ಕೌದಿ ಕಳಿಸಿದೆ. ಗಂಡೋ ಹೆಣ್ಣೋ ಎಂದು ಕೇಳಿದೆ. ಆ ಚಪ್ಪಲಿಯ ಬಗ್ಗೆ ಬರೆದ ಕೈಯನ್ನು ಒಲೆಗಿಡಬೇಕು ಅನ್ನಿಸುತ್ತಿದೆ.

ಹಾಳೆಯನ್ನು ನೀರು ಹಚ್ಚಿ, ಹರಿಯದಂತೆ, ಗೋಡೆಯಿಂದ ಬಿಡಿಸಿದ್ದೇನೆ. ಕ್ಷಮಿಸು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಕ್ಷಮಿಸು. ಆ ಕೌದಿಯನ್ನು ಯಾರಿಗಾದರೂ ಕೊಟ್ಟುಬಿಡು.

ಒಂದು ಮಾತು ಮಾತ್ರ ಕೇಳಲೇಬೇಕು. ಬಸುರಾದದ್ದನ್ನು ಯಾಕೆ ಹೇಳಲಿಲ್ಲ?

ಜಯದೇವಿ

*

ಕಲಬುರಗಿ
೨ ಮೇ ೧೯೧೩

ಜಯಾ,

ಅಕ್ಟೋಬರಿನಲ್ಲಿ ಹುಟ್ಟಿದ. ಗಂಡು. ಹದಿನೇಳು ದಿನ ಇದ್ದ. ಹದಿನೈದನೆಯ ದಿನ ಮೈ ಸುಡಲು ಶುರುವಾಯಿತು. ಅತ್ತೆ ಮೆಣಸಿನಕಾಯಿ ನಿವಾಳಿಸಿದರು, ಹಕೀಮರು ಬಂದರು, ದರ್ಗಾದಿಂದ ನೀರು ತಂದರು. ಹದಿನೇಳನೆಯ ದಿನ ಬೆಳಿಗ್ಗೆ ಇವರು ಅವನನ್ನು ಎತ್ತಿಕೊಂಡು ಹೊಸ್ತಿಲ ಹತ್ತಿರ ನಿಂತು ಚಪ್ಪಲಿ ಮೆಟ್ಟಿಕೊಂಡರು. ಮಣ್ಣಿಗೆ ನಾನು ಹೋಗುವಂತಿರಲಿಲ್ಲ. ನಾನು ನೋಡಿದ್ದು ಅಷ್ಟೇ, ಒಂದು ಕೈಯಲ್ಲಿ ಗಂಟು ಹಿಡಿದು ಇನ್ನೊಂದು ಕೈಯನ್ನು ಗೋಡೆಗೆ ಕೊಟ್ಟು, ಕಾಲಿನಿಂದ ಚಪ್ಪಲಿ ಹುಡುಕುತ್ತಿದ್ದದ್ದು. ಆದ್ದರಿಂದ ಚಪ್ಪಲಿ ಬರೆದೆ.

ಯಾಕೆ ಹೇಳಲಿಲ್ಲ ಎಂದು ಕೇಳಿದ್ದೀಯ. ಸುಳ್ಳು ಹೇಳಬಹುದು, ಆದರೆ ಪಡಸಾಲೆಯ ಆಣೆ ಇದೆ. ಮೂರನೆಯ ತಿಂಗಳಲ್ಲಿ ನಿನಗೆ ಬರೆಯಲು ಕೂತಿದ್ದೆ. ಅತ್ತೆ ಕೈ ಹಿಡಿದರು. "ಮಕ್ಕಳಿಲ್ಲದಾಕಿಗಿ ಬರೀಬ್ಯಾಡ ಬೇಟಿ. ನಜರ್ ಆಗ್ತದ" ಅಂದರು. ನಿನ್ನ ಕಣ್ಣು ತಾಗುವುದು ಸುಳ್ಳೆಂದು ನನಗೆ ಗೊತ್ತಿತ್ತು. ಆದರೂ ಬರೆಯಲಿಲ್ಲ, ಜಯಾ. ಆಮೇಲೆ ಬೀದಿಯ ಬಸುರಿಯರು ಸೆರಗು ಎಳೆದುಕೊಳ್ಳುತ್ತಾರೆ ಎಂದು ನಿನ್ನ ಕಾಗದ ಬಂತು. ಅದನ್ನು ಓದುವಾಗ ನನ್ನ ಸೆರಗೂ ಮುಂದೆಯೇ ಇತ್ತು. ಅವನು ಹೋದ ಮೇಲೆ ನಿನಗೆ ಯಾವ ಮುಖದಿಂದ ಹೇಳಲಿ? ಇದ್ದಾನೆ ಎಂದೇ ಹೇಳದವಳು ಇಲ್ಲ ಎಂದು ಹೇಗೆ ಹೇಳಲಿ? ಅದಕ್ಕೆ ಇವರ ಮಸಿ ತೆಗೆದುಕೊಂಡು ಕೂತೆ.

ನಿನ್ನ ಕಾಗದ ಮತ್ತು ಕೌದಿ ಬಂದಾಗ ಮೊದಲ ನಾಲ್ಕು ದಿನ ನಿನ್ನ ಮೇಲೆ ಬೆಂಕಿಯಂಥ ಸಿಟ್ಟು. ಅಣಕಿಸುತ್ತಿದ್ದಾಳೆ ಅಂದುಕೊಂಡೆ. ಐದನೆಯ ದಿನ ಮತ್ತೆ ಓದಿದೆ. ‘ಚಪ್ಪಲಿ ಮೆಟ್ಟಿಕೊಂಡೇ ಒಳಗೆ ತರುತ್ತಿದ್ದಾನೆ’ ಎಂಬಲ್ಲಿಗೆ ಬಂದಾಗ ತಿಳಿಯಿತು. ನನ್ನ ಹತ್ತಿರ ಇನ್ನೊಂದು ಪ್ರತಿ ಇತ್ತು. ನೆಲದ ಮೇಲೆ ಹಾಸಿ, ನಿನ್ನ ಹಾಗೆ, ಎಡಗಡೆಯಿಂದ ಓದಿದೆ. ಬರಿದಾದ ಅಂಗಳ. ಖಾಲಿ ತೊಟ್ಟಿಲು. ಇವರು ಹೊಸ್ತಿಲು ದಾಟಿ ಒಳಗೆ ಬಂದರು. ಅವನು ತೊಟ್ಟಿಲಿಗೆ ಬಂದ. ಆಮೇಲೆ ನನ್ನ ತೋಳಿಗೆ ಬಂದ. ಅವನು ಹೋದ ಮೇಲೆ ಮೊದಲ ಸಲ ನಾನು ದನಿ ತೆಗೆದು ಅತ್ತುಬಿಟ್ಟೆ. ಅಲ್ಲಿಯವರೆಗೆ ಅಳು ಒಳಗೇ ಕೂತಿತ್ತು.

ಅತ್ತೆ ಓಡಿ ಬಂದರು. ನಿನ್ನ ಕಾಗದವನ್ನು ಅವರಿಗೆ ಓದಿ ಹೇಳಿದೆ, ಒಂದು ಸಾಲೂ ಬಿಡದೆ. ಕೌದಿಯನ್ನು ಮಡಿಲಲ್ಲಿ ಇಟ್ಟುಕೊಂಡು ಆ ದೊಡ್ಡ ಕಣ್ಣಿನ ಗಿಳಿಗಳ ಮೇಲೆ ಕೈಯಾಡಿಸಿದರು. "ಹನ್ನೊಂದು ದಿನ ಹೊಲದಾಳ. ಇಂಥಾ ಕಣ್ಣಿಗಿ ನಾ ಹೆದರಿದ್ನಲ್ಲ, ಯಾ ಅಲ್ಲಾ" ಅಂದರು. ನಿನಗೆ ಅದನ್ನು ಬರೆಯಬೇಕೆಂದು ಅವರೇ ದಿನವೂ ಹೇಳುತ್ತಾರೆ. ನನಗೇ ಕೈ ಏಳಲಿಲ್ಲ.

ಕೌದಿ ಯಾರಿಗೂ ಕೊಡುವುದಿಲ್ಲ. ಚಿತ್ರವನ್ನು ದಿನವೂ ಒಂದು ಸಲ ನಿನ್ನ ಕಡೆಯಿಂದ ಓದುತ್ತೇನೆ. ಆದರೆ ಒಂದು ಸಂಶಯ. ಬಲದಿಂದ ಓದಿದರೆ ನಿಜ, ಎದೆ ಒಡೆಯುತ್ತದೆ. ಎಡದಿಂದ ಓದಿದರೆ ಅವನು ಬರುತ್ತಾನೆ, ಆದರೆ ಅದು ಸುಳ್ಳು. ಯಾವ ಕಡೆಯಿಂದ ಓದುವುದು ಸರಿ? ಮಾಂತ್ರಿಕನಿಗೆ, ಹಕೀಮನಿಗೆ ನಿನ್ನ ಹತ್ತಿರ ತೀರ್ಪು ಇತ್ತು. ನನಗೂ ಒಂದು ಹೇಳು.

ಹಲೀಮಾ

*

ಕಮಲಾಪುರ
೯ ಮೇ ೧೯೧೩

ಹಲೀಮಾ,

ಅತ್ತೆಯ ಮುಂದೆ ನಿನ್ನ ಕಾಗದ ಓದಿದೆ. ಈ ಸಲ ರೊಟ್ಟಿ ಸೀಯಲಿಲ್ಲ, ಅವರು ಬಡಿಯುವುದನ್ನೇ ನಿಲ್ಲಿಸಿದ್ದರು. ನಜರಿನ ಮಾತು ಬಂದಾಗ ಆ ಸಾಲನ್ನು ಎರಡು ಸಲ ಓದಿದೆ. ನೋವಾಯಿತು, ಇಲ್ಲವೆನ್ನುವುದಿಲ್ಲ. ಆದರೆ ಹೆದರಿದ ತಾಯಿ ಏನು ಮಾಡುತ್ತಾಳೋ ನನಗೇನು ಗೊತ್ತು? ನನ್ನ ಹೊಟ್ಟೆಯಲ್ಲಿದ್ದಿದ್ದರೆ ನಾನೂ ಊರೆಲ್ಲರಿಂದ ಬಚ್ಚಿಡುತ್ತಿದ್ದೆನೇನೋ. ಆ ಮಾತು ಇಲ್ಲಿಗೆ ಮುಗಿಯಿತು, ಮತ್ತೆ ಎತ್ತಬೇಡ.

ಓದಿ ಮುಗಿಸಿದ ಮೇಲೆ ಅತ್ತೆ ಒಲೆಯ ಕಡೆ ನೋಡುತ್ತ ಹೇಳಿದರು: "ನನಗೂ ಎರಡು ಹ್ವಾದವು, ನಿನ್ನ ಗಂಡಗಿಂತ ಮೊದಲ. ಮಂದಿ ಎಲ್ಲಾ ಬಂದ್ರು. ಅಳಬ್ಯಾಡ ಅಂದ್ರು, ಇನ್ನೊಂದು ಆಗ್ತದ ಅಂದ್ರು. ಹೆಸರು ಏನಿಟ್ಟಿದ್ದಿ ಅಂತ ಒಬ್ಬರೂ ಕೇಳಲಿಲ್ಲ ನೋಡು."

ಆ ಹೆಸರು ನಾನು ಕೇಳಿದೆ. ಏಳು ವರ್ಷ ಒಂದೇ ಒಲೆಯ ಮುಂದೆ ಕೂತಿದ್ದೇವೆ, ಅಂಥ ದನಿ ಅವರ ಬಾಯಿಂದ ಕೇಳಿರಲಿಲ್ಲ. ದೌಲಪ್ಪ ಅಂದರು. ಹಿಟ್ಟಿನ ಪರಾತ ಪಕ್ಕಕ್ಕೆ ಸರಿಸಿ, ದೇವೀಂದ್ರಪ್ಪ ಅಂದರು. ಆಮೇಲೆ ಸೊಂಟದಿಂದ ಕೀಲಿಕೈ ಗೊಂಚಲು ಬಿಚ್ಚಿ ನನ್ನ ಕೈಗೆ ಕೊಟ್ಟು, "ಸಂದೂಕಿನ್ಯಾಗ ಖಡಕ್ ರೊಟ್ಟಿ ಅವ, ಶೇಂಗಾ ಹಿಂಡಿ ಅದ. ಬುತ್ತಿ ಕಟ್ಟು. ಹೋಗಿ ಬಾ ಆಕಿ ಹಂತ್ಯಾಕ. ನಿನ್ನ ಗಂಡಗ ನಾ ಹೇಳ್ತೀನಿ" ಅಂದರು.

ಸೋಮವಾರ ನಸುಕಿಗೆ ಗಾಡಿ ಹೊರಡುತ್ತದೆ, ದೀಪ ಹಚ್ಚುವ ಹೊತ್ತಿಗೆ ನಿನ್ನ ಬಾಗಿಲಲ್ಲಿರುತ್ತೇನೆ. ಜೈನಾಬಿ ಅತ್ತೆಗೆ ಹೇಳು, ಅವರ ಕೈಯ ಚಹಾ ಬೇಕು ಎಂದು. ಚಪ್ಪಲಿ ಹೊರಗೇ ಬಿಟ್ಟು ಬರುತ್ತೇನೆ.

ಯಾವ ಕಡೆಯಿಂದ ಓದುವುದು ಸರಿ ಎಂದು ಕೇಳಿದ್ದೀಯ. ಬಾವಿಯ ಮೇಲೆ, ಹಂಡೆಯ ಮೇಲೆ ನನಗೆ ಅಭಿಪ್ರಾಯವಿತ್ತು. ಇದರ ಮೇಲೆ ಇಲ್ಲ, ಹಲೀಮಾ. ಎರಡೂ ಕಡೆಯಿಂದ ನಿನ್ನ ಪಕ್ಕ ಕೂತು ಓದುತ್ತೇನೆ, ನಿನಗೆ ಸಾಕು ಅನ್ನುವವರೆಗೆ.

ಅವನಿಗೆ ಏನು ಹೆಸರಿಟ್ಟಿದ್ದೆ? ಬರೆಯಬೇಡ. ಬರೆದರೆ ನಾನು ಮತ್ತೆ ಉಲ್ಟಾ ಓದಿಯೇನು. ಬಂದು ಎದುರಿಗೆ ಕೂರುತ್ತೇನೆ, ಬಾಯಿಬಿಟ್ಟು ಹೇಳು.

ನಿನ್ನ ಜಯದೇವಿ